ಡೈನರಿನ ಕಾವಲಿ, ಮನೆಯ ಒಲೆ: ಅಮೆರಿಕದ ಬೆಳಗಿನ ತಿಂಡಿಯ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬರುವ ಹಿರಿಯರೂ ಅಲ್ಲಿಯೇ ಓದುತ್ತಲೋ ದುಡಿಯುತ್ತಲೋ ಇರುವ ಕಿರಿಯರೂ ಬರೆಯುವ ಪತ್ರಗಳಲ್ಲಿ ಅಲ್ಲಿನ ಬೆಳಗಿನ ತಿಂಡಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಕೊಟ್ಟಿದ್ದೇನೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳು ಭಾನುವಾರ ಬೆಳಿಗ್ಗೆ ನಮ್ಮನ್ನು ಡೈನರ್ ಎಂಬ ಬಗೆಯ ಹೋಟೆಲಿಗೆ ಕರೆದುಕೊಂಡು ಹೋಗುತ್ತಾಳೆ. ಹೊರಗಿನಿಂದ ನೋಡಿದರೆ ಸ್ಟೀಲಿನ ಹೊದಿಕೆಯ ರೈಲು ಡಬ್ಬಿಯಂತೆಯೇ ಇದೆ. ಹಳೆಯ ರೈಲು ಡಬ್ಬಿಗಳನ್ನೇ ಹೋಟೆಲಾಗಿ ಮಾಡಿಕೊಂಡಿದ್ದಾರೆಯೇ? ಉಳಿದ ರೆಸ್ಟೋರೆಂಟುಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಹಾಗೆಂದು ಅನೇಕರು ನಂಬಿದ್ದಾರೆ, ಆದರೆ ಬಹುಪಾಲು ಡೈನರುಗಳು ಎಂದೂ ಹಳಿಯ ಮೇಲೆ ಓಡಿದವಲ್ಲ. ಅವುಗಳ ಮೂಲ ಕುದುರೆ ಗಾಡಿಯಲ್ಲಿದೆ. 1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಎಳೆಯುವ ಗಾಡಿಯೊಂದನ್ನು ಪತ್ರಿಕಾ ಕಚೇರಿಯ ಹತ್ತಿರ ನಿಲ್ಲಿಸಿಕೊಂಡು, ಉಳಿದ ಹೋಟೆಲುಗಳೆಲ್ಲ ಬಾಗಿಲು ಹಾಕಿದ ಮೇಲೆ, ರಾತ್ರಿ ಪಾಳಿಯ ಕೆಲಸಗಾರರಿಗೆ ಕಾಫಿ, ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆಗಳನ್ನು ಮಾರತೊಡಗಿದ. ಇಂಥ ರಾತ್ರಿಯೂಟದ ಗಾಡಿಗಳು ಊರೂರಿಗೆ ಹಬ್ಬಿದವು. ಅವು ಹಗಲಿನಲ್ಲಿಯೂ ಬೀದಿಯಲ್ಲಿ ನಿಲ್ಲುವುದಕ್ಕೆ ಹಲವು ನಗರಗಳು ಅಡ್ಡಿ ಮಾಡಿದಾಗ ಮಾಲೀಕರು ಅವನ್ನು ಒಂದು ಜಾಗದಲ್ಲಿ ಕಾಯಂ ಆಗಿ ನೆಲೆಗೊಳಿಸಿದರು. ಮುಂದೆ ಮ್ಯಾಸಚೂಸೆಟ್ಸ್‌ನ ವುಸ್ಟರ್ ನಗರದಲ್ಲಿಯೂ ನ್ಯೂಜೆರ್ಸಿಯ ಹಲವೆಡೆಯೂ ಇವುಗಳನ್ನು ಕಟ್ಟುವ ಕಾರ್ಖಾನೆಗಳೇ ಹುಟ್ಟಿಕೊಂಡವು. ವುಸ್ಟರ್ ಲಂಚ್ ಕಾರ್ ಕಂಪನಿ 1906ರಿಂದ 1957ರವರೆಗೆ ಇದೇ ಕೆಲಸ ಮಾಡಿತು. ಒಲೆ, ಕಟ್ಟೆಮೇಜು, ತಿರುಗುವ ಎತ್ತರದ ಪೀಠಗಳು ಸಮೇತ ಪೂರ್ತಿಯಾಗಿ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿದ್ದ ಕಟ್ಟಡವನ್ನು ರೈಲಿನಲ್ಲಿಯೋ ರಸ್ತೆಯಲ್ಲಿಯೋ ಸಾಗಿಸಬೇಕಾಗಿದ್ದುದರಿಂದ ಅದು ಅಗಲ ಕಡಿಮೆಯಾಗಿ ಉದ್ದವಾಗಿರಲೇಬೇಕಾಗಿತ್ತು. ನಿಮ್ಮ ಕಣ್ಣಿಗೆ ಕಂಡ ರೈಲು ಡಬ್ಬಿಯ ಆಕಾರಕ್ಕೆ ಮುಖ್ಯ ಕಾರಣ ಇದು.

ಕಾರ್ಖಾನೆಗಳು ಅಲ್ಲಿಯೇ ಇದ್ದುದರಿಂದ ನ್ಯೂಜೆರ್ಸಿಯಲ್ಲಿ ಇಂದಿಗೂ ಡೈನರುಗಳು ದಟ್ಟವಾಗಿವೆ, ನ್ಯೂಯಾರ್ಕ್ ಸುತ್ತಮುತ್ತ ಅವುಗಳಲ್ಲಿ ಅನೇಕವನ್ನು ಗ್ರೀಸ್ ದೇಶದಿಂದ ವಲಸೆ ಬಂದ ಕುಟುಂಬಗಳು ನಡೆಸಿಕೊಂಡು ಬಂದಿವೆ. ಆಕಾರಕ್ಕಿಂತಲೂ ದೊಡ್ಡ ವ್ಯತ್ಯಾಸ ಅಡುಗೆಯಲ್ಲಿದೆ. ಕಟ್ಟೆಮೇಜಿನ ಹಿಂದೆ, ಗಿರಾಕಿಯ ಕಣ್ಣೆದುರಿಗೇ, ದಪ್ಪ ಉಕ್ಕಿನ ಅಗಲವಾದ ಕಾವಲಿಯೊಂದು ಬೆಳಗಿನಿಂದ ಕಾದುಕೊಂಡೇ ಇರುತ್ತದೆ, ಆರ್ಡರ್ ಬಂದ ಮೇಲೆಯೇ ತಿಂಡಿ ಅದರ ಮೇಲೆ ಬೀಳುತ್ತದೆ. ಬೆಳಗಿನ ತಿಂಡಿ ಮಧ್ಯಾಹ್ನಕ್ಕೂ ಸಿಗುತ್ತದೆ, ರಾತ್ರಿಗೂ ಸಿಗುತ್ತದೆ. ನನ್ನ ಸಲಹೆ ಇಷ್ಟೇ: ಮುಂದಿನ ಸಲ ಹೋದಾಗ ಸೋಫಾದಂಥ ಬೂತಿನಲ್ಲಿ ಕೂರುವ ಬದಲು ಕಟ್ಟೆಮೇಜಿನ ಪೀಠದ ಮೇಲೆ ಕುಳಿತುಕೊಳ್ಳಿ. ಅಡುಗೆಯವರು ಒಂದು ಕೈಯಲ್ಲಿ ಮೊಟ್ಟೆ ಒಡೆಯುತ್ತ, ಇನ್ನೊಂದು ಕೈಯ ಸಟ್ಟುಗದಿಂದ ಆಲೂಗಡ್ಡೆಯ ತುರಿಯನ್ನು ಕಾವಲಿಯ ಬಿಸಿ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಅಂಚಿಗೆ ಸರಿಸುತ್ತ, ನಾಲ್ಕಾರು ತಟ್ಟೆಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಎಲ್ಲವೂ ಒಂದೇ ಹೊತ್ತಿಗೆ ಬಿಸಿಯಾಗಿ ಏಳುವಂತೆ ಮಾಡುವುದನ್ನು ನೋಡಿದರೆ ತಿಂಡಿಯ ರುಚಿ ಹೆಚ್ಚುತ್ತದೆ.

ಪ್ರಶ್ನೆ: ಮೊಟ್ಟೆ ಬೇಕೆಂದರೆ ‘ಹೇಗೆ ಬೇಕು’ ಎಂದು ಕೇಳುತ್ತಾರೆ. ಅವರು ಹೇಳುವ ಹೆಸರುಗಳು ತಿಳಿಯದೆ ಪ್ರತಿ ಸಲವೂ ಸ್ಕ್ರ್ಯಾಂಬಲ್ಡ್, ಅಂದರೆ ಬಿಳಿ ಹಳದಿ ಕದಡಿ ಬೇಯಿಸಿದ್ದು, ಎಂದು ಹೇಳಿ ಮುಗಿಸುತ್ತೇನೆ. ದಯವಿಟ್ಟು ವಿವರಿಸಿ.

ಉತ್ತರ: ಡೈನರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೌಶಲ ಬೇಡುವ ತಿನಿಸು ಮೊಟ್ಟೆಯೇ, ಆದ್ದರಿಂದ ಈ ಹೆಸರುಗಳನ್ನು ತಿಳಿದುಕೊಳ್ಳುವುದು ಸಾರ್ಥಕ. ಮೊಟ್ಟೆಯನ್ನು ಕಾವಲಿಯ ಮೇಲೆ ಒಡೆದು ಹಾಕಿ, ಮಗುಚದೆ, ಹಳದಿ ಭಾಗ ಮೇಲೆ ಹೊಳೆಯುತ್ತಿರುವಂತೆಯೇ ಬಡಿಸಿದರೆ ಅದು ಸನ್ನಿ ಸೈಡ್ ಅಪ್. ಒಂದು ಬದಿ ಬೆಂದ ಮೇಲೆ ಮೆಲ್ಲಗೆ ಮಗುಚಿ, ಕೆಲವೇ ಸೆಕೆಂಡು ಬಿಟ್ಟು, ಬಿಳಿ ಪೂರ್ತಿ ಗಟ್ಟಿಯಾಗಿ ಹಳದಿ ಇನ್ನೂ ಹರಿಯುವಂತಿರುವಾಗ ತೆಗೆದರೆ ಓವರ್ ಈಸಿ. ಇನ್ನಷ್ಟು ಬಿಟ್ಟು ಹಳದಿಯ ಅಂಚು ಗಟ್ಟಿಯಾಗಿ ನಡುವೆ ಮಾತ್ರ ಜೇನಿನ ಹದದಲ್ಲಿದ್ದರೆ ಓವರ್ ಮೀಡಿಯಂ. ಪೂರ್ತಿ ಗಟ್ಟಿಯಾದರೆ ಓವರ್ ಹಾರ್ಡ್. ಸಣ್ಣಗೆ ಕುದಿಯುವ ನೀರಿಗೆ ಚಿಪ್ಪಿಲ್ಲದೆ ಇಳಿಬಿಟ್ಟು ಬೇಯಿಸಿದ್ದು ಪೋಚ್ಡ್. ನೀರಿಗೆ ಸ್ವಲ್ಪ ವಿನೆಗರ್ ಹಾಕಿದರೆ ಬಿಳಿ ಬೇಗ ಗಟ್ಟಿಯಾಗಿ ಚೆದುರದೆ ಉಳಿಯುತ್ತದೆ.

ಈ ಭೇದಗಳೆಲ್ಲ ಹುಟ್ಟುವುದು ಮೊಟ್ಟೆಯ ಬಿಳಿಯೂ ಹಳದಿಯೂ ಬೇರೆ ಬೇರೆ ಉಷ್ಣತೆಯಲ್ಲಿ ಗಟ್ಟಿಯಾಗುವುದರಿಂದ. ಬಿಳಿ ಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ, ಹಳದಿ 65ರ ಆಸುಪಾಸಿನಲ್ಲಿ ಮಂದವಾಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಬಿಳಿಯನ್ನು ಇನ್ನೂ ಹೆಚ್ಚು, 80 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದು ರಬ್ಬರಿನಂತೆ ಬಿಗಿದುಕೊಳ್ಳುತ್ತದೆ. ಅಡುಗೆಯವರು ಕೆಲಸ ಮಾಡುವುದು ಈ ಕೆಲವೇ ಡಿಗ್ರಿಗಳ ಅಂತರದಲ್ಲಿ, ಅದೂ ಕೈಯಲ್ಲಿ ಥರ್ಮಾಮೀಟರ್ ಇಲ್ಲದೆ. ಸ್ಕ್ರ್ಯಾಂಬಲ್ಡ್ ಕೂಡ ಕೀಳಲ್ಲ. ಸಣ್ಣ ಉರಿಯಲ್ಲಿ, ಬೆಣ್ಣೆಯಲ್ಲಿ, ಇನ್ನೂ ತುಸು ಹಸಿ ಇರುವಾಗಲೇ ಕೆಳಗಿಳಿಸಿದ್ದು ಬಹಳ ರುಚಿಯಾಗಿರುತ್ತದೆ. ಆದರೆ ಜನ ತುಂಬಿರುವ ಭಾನುವಾರ ಡೈನರಿನಲ್ಲಿ ಅಷ್ಟು ಸಾವಧಾನಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲವಾದ್ದರಿಂದ, ಸ್ಕ್ರ್ಯಾಂಬಲ್ಡ್ ಅನ್ನು ಮನೆಯಲ್ಲಿ ಮಾಡಿಕೊಂಡು ಡೈನರಿನಲ್ಲಿ ಓವರ್ ಮೀಡಿಯಂ ಕೇಳಿ ಎನ್ನುವುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಹಳದಿ ಹರಿಯುವಂತಿರುವ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಉಳಿದಿರುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿದವರು ಓವರ್ ಹಾರ್ಡ್ ಕೇಳುವುದೇ ಸರಿ. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಸೂಚನೆ ಸಾಮಾನ್ಯವಾಗಿ ಇದರ ಬಗ್ಗೆಯೇ ಇರುತ್ತದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಮಗನ ಗೆಳೆಯರ ಜೊತೆ ಡೈನರಿಗೆ ಹೋದಾಗ ಬರೀ ಕಿತ್ತಳೆ ರಸ ಕುಡಿದು ಬರುವಂತಾಗಿದೆ. ನಮಗೆ ಅಲ್ಲಿ ಏನೂ ಇಲ್ಲವೇ?

ಉತ್ತರ: ಇದೆ, ಆದರೆ ವಿಚಾರಿಸಿ ತಿನ್ನಬೇಕು. ಮೊದಲು ಜಾಗ್ರತೆ ವಹಿಸಬೇಕಾದವನ್ನು ಹೇಳುತ್ತೇನೆ. ಪ್ಯಾನ್‌ಕೇಕ್, ಚೌಕುಳಿ ಅಚ್ಚಿನಲ್ಲಿ ಬೇಯಿಸುವ ವಾಫಲ್, ಹಾಲಿನ ಮಿಶ್ರಣದಲ್ಲಿ ಬ್ರೆಡ್ಡನ್ನು ಅದ್ದಿ ಬೇಯಿಸುವ ಫ್ರೆಂಚ್ ಟೋಸ್ಟ್ ಮೂರರಲ್ಲಿಯೂ ಮೊಟ್ಟೆ ಇರುತ್ತದೆ. ಆಲೂಗಡ್ಡೆಯ ತಿನಿಸುಗಳಾದ, ತುರಿದು ಹುರಿದ ಹ್ಯಾಶ್ ಬ್ರೌನ್, ಹೋಳು ಮಾಡಿ ಹುರಿದ ಹೋಮ್ ಫ್ರೈಸ್‌ಗಳಲ್ಲಿ ಮೊಟ್ಟೆ ಇಲ್ಲದಿದ್ದರೂ ಅವು ಬೇಯುವುದು ಹಂದಿಮಾಂಸದ ತಿನಿಸುಗಳಾದ ಬೇಕನ್, ಸಾಸೇಜ್ ಬೆಂದ ಅದೇ ಕಾವಲಿಯ ಮೇಲೆ, ಕೆಲವು ಕಡೆ ಅದೇ ಹಂದಿಯ ಕೊಬ್ಬಿನಲ್ಲಿ. ಬಿಸ್ಕೆಟ್ ಎಂದು ಅಲ್ಲಿ ಕರೆಯುವ ಮೆತ್ತಗಿನ ಉಪ್ಪು ಬನ್ನಿಗೆ ಕೆಲವರು ಬೆಣ್ಣೆ ಹಾಕುತ್ತಾರೆ, ಕೆಲವರು ಹಂದಿಯ ಕೊಬ್ಬನ್ನೇ ಹಾಕುತ್ತಾರೆ. ಅದರ ಮೇಲೆ ಸುರಿಯುವ ಬಿಳಿಯ ಗ್ರೇವಿಯಲ್ಲಿ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ.

ಇನ್ನು ನಿಶ್ಚಿಂತೆಯಿಂದ ಕೇಳಬಹುದಾದವು: ಓಟ್‌ಮೀಲ್, ಅದರ ಮೇಲೆ ಒಣದ್ರಾಕ್ಷಿ, ವಾಲ್‌ನಟ್, ಕಂದು ಸಕ್ಕರೆ, ಕ್ರೀಮ್ ಚೀಸ್ ಹಚ್ಚಿದ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್, ರೈ ಬ್ರೆಡ್ಡಿನ ಟೋಸ್ಟು, ಜಾಮ್, ಹೆಚ್ಚಿದ ಹಣ್ಣಿನ ಬಟ್ಟಲು. ದಕ್ಷಿಣದ ರಾಜ್ಯಗಳಲ್ಲಿದ್ದರೆ ಗ್ರಿಟ್ಸ್ ಕೇಳಿ. ಇದು ಮೆಕ್ಕೆಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಬೆಣ್ಣೆ, ಉಪ್ಪು, ಕರಿಮೆಣಸು ಹಾಕಿದ ತಿನಿಸು. ಬಿಸಿಯಾಗಿದ್ದಾಗ ಇದರಷ್ಟು ಹೊಟ್ಟೆಗೆ ಹಿತವಾದದ್ದು ಆ ಮೆನುವಿನಲ್ಲಿ ಇನ್ನೊಂದಿಲ್ಲ. ಆಲೂಗಡ್ಡೆ ಬೇಕೇ ಬೇಕೆನಿಸಿದರೆ, ‘ಬೇರೆ ಬಾಣಲೆಯಲ್ಲಿ, ಎಣ್ಣೆಯಲ್ಲಿ ಮಾಡಿಕೊಡಲು ಸಾಧ್ಯವೇ’ ಎಂದು ನೇರವಾಗಿ ಕೇಳಿ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಕೇಳಿದರೆ ಒಪ್ಪುವವರು ಇದ್ದಾರೆ, ಆಗುವುದಿಲ್ಲವಾದರೆ ಹಾಗೆಂದು ಮೊದಲೇ ಹೇಳಿಬಿಡುತ್ತಾರೆ. ಆರೋಗ್ಯದ ಕಾರಣವೋ ಧರ್ಮದ ಕಾರಣವೋ ಎಂದು ವಿವರಿಸಬೇಕಾದ ಅಗತ್ಯ ನಿಮಗಿಲ್ಲ, ಸಂಕೋಚವೂ ಬೇಡ.

ಪ್ರಶ್ನೆ: ನನಗೆ ದೋಸೆ ಚೆನ್ನಾಗಿ ಬರುತ್ತದೆ, ಆದರೆ ಪ್ಯಾನ್‌ಕೇಕ್ ಮಾತ್ರ ಪ್ರತಿ ಸಲವೂ ಚಪ್ಪಟೆಯಾಗಿ, ಚರ್ಮದಂತೆ ಜಿಗುಟಾಗುತ್ತದೆ. ಹಿಟ್ಟನ್ನು ಗಂಟಿಲ್ಲದಂತೆ ಚೆನ್ನಾಗಿ ಕಲಸಿ, ಒಂದೆರಡು ಗಂಟೆ ಬಿಟ್ಟೇ ಹುಯ್ಯುತ್ತೇನೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ತೊಂದರೆಯ ಮೂಲ ನೀವು ಹೇಳಿರುವ ಆ ಎರಡು ಕೆಲಸಗಳಲ್ಲಿಯೇ ಇದೆ, ದೋಸೆಗೆ ಒಪ್ಪುವ ಅಭ್ಯಾಸ ಪ್ಯಾನ್‌ಕೇಕಿಗೆ ಒಪ್ಪುವುದಿಲ್ಲ. ದೋಸೆ ಹಿಟ್ಟಿನಲ್ಲಿ ಹುದುಗುವಿಕೆಯಿಂದ ರಾತ್ರಿಯೆಲ್ಲ ನಿಧಾನವಾಗಿ ಗಾಳಿ ಹುಟ್ಟುತ್ತದೆ, ಉದ್ದಿನ ಹಿಟ್ಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಯಾನ್‌ಕೇಕಿನಲ್ಲಿ ಅಡುಗೆ ಸೋಡಾ ಮಜ್ಜಿಗೆಯ ಹುಳಿಯೊಡನೆ ಸೇರಿದ ಕ್ಷಣವೇ ಇಂಗಾಲದ ಡೈಆಕ್ಸೈಡ್ ಹೊರಡತೊಡಗುತ್ತದೆ, ಹಿಟ್ಟು ಕಾವಲಿಗೆ ಬೀಳುವ ಮೊದಲೇ ಅದು ಹಾರಿಹೋದರೆ ಮತ್ತೆ ಬರುವುದಿಲ್ಲ. ಒಂದೆರಡು ಗಂಟೆ ಬಿಟ್ಟ ಹಿಟ್ಟಿನಲ್ಲಿ ಉಬ್ಬುವ ಶಕ್ತಿ ಬಹುಮಟ್ಟಿಗೆ ಮುಗಿದಿರುತ್ತದೆ. ಗಂಟಿಲ್ಲದಂತೆ ಕಲಸುವುದರಿಂದ ಇನ್ನೊಂದು ಕೆಡುಕಾಗುತ್ತದೆ: ಮೈದಾದಲ್ಲಿರುವ ಪ್ರೋಟೀನು ನೀರಿನೊಡನೆ ಸೇರಿ, ತಿರುವಿದಷ್ಟೂ ಅಂಟಿನ ಎಳೆಗಳಾಗಿ ಬೆಳೆಯುತ್ತದೆ. ಚಪಾತಿಗೋ ಬ್ರೆಡ್ಡಿಗೋ ಬೇಕಾದ ಆ ಬಿಗಿ ಪ್ಯಾನ್‌ಕೇಕಿಗೆ ಸೇರಿದಾಗ ನೀವು ಹೇಳುವ ಜಿಗುಟುತನ ಬರುತ್ತದೆ.

ಹೀಗೆ ಮಾಡಿ ನೋಡಿ. ಒಂದು ಅಳತೆ ಕಪ್ಪು, ಅಂದರೆ ಸುಮಾರು 125 ಗ್ರಾಂ ಮೈದಾಕ್ಕೆ ಅರ್ಧ ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಒಂದು ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪನ್ನು ಬೆರೆಸಿಡಿ. ಬೇರೊಂದು ಪಾತ್ರೆಯಲ್ಲಿ ಒಂದು ಕಪ್ಪು ಮಜ್ಜಿಗೆ, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆಯನ್ನು ಕದಡಿ. ಇಲ್ಲಿ ಮಜ್ಜಿಗೆ ಎಂದರೆ ಅಮೆರಿಕದ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ದಪ್ಪನೆಯ ಹುಳಿ ಮಜ್ಜಿಗೆ. ಮನೆಯಲ್ಲಿ ನೀರು ಬೆರೆಸಿ ಕಡೆದ ತೆಳು ಮಜ್ಜಿಗೆ ಆಗುವುದಿಲ್ಲ. ಅದು ಸಿಗದಿದ್ದರೆ ಮುಕ್ಕಾಲು ಕಪ್ಪು ಹುಳಿ ಮೊಸರಿಗೆ ಕಾಲು ಕಪ್ಪು ಹಾಲು ಸೇರಿಸಿಕೊಳ್ಳಿ. ಎರಡನ್ನೂ ಒಂದಾಗಿಸಿ, ಒಣ ಹಿಟ್ಟು ಕಾಣದಂತಾಗುವವರೆಗೆ ಹತ್ತಾರು ಸಲ ಮಾತ್ರ ಕೈಯಾಡಿಸಿ, ಕಡಲೆಬೇಳೆ ಗಾತ್ರದ ಗಂಟುಗಳು ಉಳಿದಿರುವಾಗಲೇ ನಿಲ್ಲಿಸಿಬಿಡಿ. ಕಾವಲಿ ಕಾಯುವ ಐದು ಹತ್ತು ನಿಮಿಷಗಳಲ್ಲಿ ಆ ಗಂಟುಗಳು ತಾವೇ ನೆನೆಯುತ್ತವೆ.

ಕಾವಲಿಯ ಬಿಸಿ ಸುಮಾರು 190 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಲೆಕ್ಕದಲ್ಲಿ 375 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನೀರು ಚಿಮುಕಿಸಿದರೆ ಹನಿಗಳು ಕುಣಿಯುತ್ತ ಓಡಾಡಿ ಆರಿಹೋಗಬೇಕು. ಹೊಗೆ ಏಳುತ್ತಿದ್ದರೆ ಬಿಸಿ ಹೆಚ್ಚಾಯಿತು ಎಂದರ್ಥ. ಕಾಲು ಕಪ್ಪು ಹಿಟ್ಟನ್ನು ಹುಯ್ದು, ಅದನ್ನು ಹರಡದೆ ತಾನಾಗಿಯೇ ಹರಡಿಕೊಳ್ಳಲು ಬಿಡಿ. ಮೇಲೆ ಏಳುವ ಗುಳ್ಳೆಗಳು ಒಡೆದು, ಆ ತೂತುಗಳು ಮುಚ್ಚಿಕೊಳ್ಳದೆ ಹಾಗೆಯೇ ನಿಂತು, ಅಂಚು ಹೊಳಪು ಕಳೆದುಕೊಂಡಾಗ ಒಂದೇ ಒಂದು ಸಲ ಮಗುಚಿ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬೇಡಿ, ಏಕೆಂದರೆ ಅಷ್ಟು ಹೊತ್ತು ಜತನ ಮಾಡಿದ ಗಾಳಿ ಆ ಒಂದು ಒತ್ತಿನಲ್ಲಿ ಹೊರಟುಹೋಗುತ್ತದೆ. ಮೊಟ್ಟೆ ಬಿಟ್ಟು ಮಾಡುವವರು ಬೇಕಿಂಗ್ ಪೌಡರನ್ನು ಒಂದು ಟೀ ಚಮಚಕ್ಕೆ ಏರಿಸಿ, ಅಂಗೈಯಗಲಕ್ಕಿಂತ ಚಿಕ್ಕದಾಗಿ ಹುಯ್ದರೆ ಮಗುಚುವಾಗ ಒಡೆಯುವುದಿಲ್ಲ.

ಮೇಲೆ ಹಾಕುವ ಸಿರಪ್ಪಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಗ್ಗದ ‘ಪ್ಯಾನ್‌ಕೇಕ್ ಸಿರಪ್’ ಬಹುತೇಕ ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಬಣ್ಣ, ಪರಿಮಳ ಬೆರೆಸಿದ್ದು. ನಿಜವಾದ ಮೇಪಲ್ ಸಿರಪ್ ಮರದ ರಸ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಅದು ಕರಗುವಷ್ಟು ಬಿಸಿಲು ಇರುವ ಕೆಲವು ವಾರಗಳಲ್ಲಿ ಮೇಪಲ್ ಮರದ ಕಾಂಡಕ್ಕೆ ಚಿಕ್ಕ ರಂಧ್ರ ಕೊರೆದು ಇಳಿಸಿಕೊಂಡ ನೀರಿನಂಥ ರಸವನ್ನು, ಸುಮಾರು 40 ಲೀಟರ್ ಒಂದು ಲೀಟರಿಗೆ ಇಳಿಯುವವರೆಗೆ ಕಾಯಿಸಿ ಬತ್ತಿಸುತ್ತಾರೆ. ಅಮೆರಿಕದಲ್ಲಿ ಇದನ್ನು ಎಲ್ಲಕ್ಕಿಂತ ಹೆಚ್ಚು ತಯಾರಿಸುವ ರಾಜ್ಯ ವರ್ಮಾಂಟ್. ಬೆಲೆ ಹೆಚ್ಚಾದರೂ ಇದನ್ನೇ ಕೊಳ್ಳಿ. ರುಚಿ ಗಾಢವಾಗಿರುವುದರಿಂದ ಕಡಿಮೆ ಸಾಕಾಗುತ್ತದೆ. ಪ್ಯಾನ್‌ಕೇಕಿಗೆ ತಿಳಿ ಬಣ್ಣದ್ದಕ್ಕಿಂತ ಶೀಸೆಯ ಮೇಲೆ ‘ಡಾರ್ಕ್’ ಎಂದು ಬರೆದಿರುವುದು ಹೆಚ್ಚು ಒಪ್ಪುತ್ತದೆ. ಡೈನರಿನ ಮೇಜಿನ ಮೇಲೆ ಇಟ್ಟಿರುವುದು ಸಾಮಾನ್ಯವಾಗಿ ಅಗ್ಗದ ‘ಪ್ಯಾನ್‌ಕೇಕ್ ಸಿರಪ್’, ನಿಜವಾದದ್ದು ಬೇಕೆಂದರೆ ಹೆಚ್ಚಿನ ಹಣ ಕೊಟ್ಟು ಕೇಳಬೇಕಾಗುತ್ತದೆ. ಪ್ಯಾನ್‌ಕೇಕನ್ನು ನಾನು ಮನೆಯ ತಿಂಡಿ ಎಂದು ಎಣಿಸುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಹ್ಯಾಶ್ ಬ್ರೌನ್ ಡೈನರಿನಲ್ಲಿ ಗರಿಗರಿಯಾಗಿರುತ್ತದೆ, ಮನೆಯಲ್ಲಿ ಮುದ್ದೆಯಾಗುತ್ತದೆ. ಏಕೆ? ವಾಫಲ್ ಹೌಸ್ ಎಂಬ ಸರಣಿ ಹೋಟೆಲಿನಲ್ಲಿ ಅದಕ್ಕೆ ಏನೇನೋ ಹೆಸರು ಹೇಳಿ ಆರ್ಡರ್ ಮಾಡುತ್ತಾರಲ್ಲ, ಅವುಗಳ ಅರ್ಥವೇನು?

ಉತ್ತರ: ಆಲೂಗಡ್ಡೆಯ ಬಹುಭಾಗ ನೀರು. ಮೇಲ್ಮೈಯ ನೀರು ಆರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ, ಕೆಂಪಗೆ ಗರಿಯಾಗಬೇಕಾದರೆ 140 ಡಿಗ್ರಿಯಾದರೂ ಬೇಕು. ಡೈನರಿನ ಕಾವಲಿಯ ಉಕ್ಕು ಅಷ್ಟು ದಪ್ಪಗಿರುವುದರಿಂದ ತಣ್ಣಗಿನ ತುರಿ ಬಿದ್ದರೂ ಅದರ ಬಿಸಿ ಕುಗ್ಗುವುದಿಲ್ಲ. ಮನೆಯ ತೆಳ್ಳಗಿನ ನಾನ್‌ಸ್ಟಿಕ್ ತವೆ ತಟ್ಟನೆ ತಣ್ಣಗಾಗಿ, ತುರಿ ತನ್ನ ನೀರಿನಲ್ಲಿಯೇ ಬೇಯತೊಡಗುತ್ತದೆ. ಆದ್ದರಿಂದ ಭಾರವಾದ ಎರಕದ ಕಬ್ಬಿಣದ ಬಾಣಲೆಯನ್ನು ಬಳಸಿ. ರಸೆಟ್ ಎಂಬ ಒರಟು ಸಿಪ್ಪೆಯ, ಪಿಷ್ಟ ಹೆಚ್ಚಿರುವ ಆಲೂಗಡ್ಡೆಯನ್ನು ತುರಿದು, ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಲ್ಲಿ ಕಟ್ಟಿ ಕೈಲಾದಷ್ಟು ಹಿಂಡಿ. ಹೊರಗಿನ ಪಿಷ್ಟ ಉಳಿದರೆ ಅಂಟಾಗುತ್ತದೆ, ನೀರು ಉಳಿದರೆ ಮುದ್ದೆಯಾಗುತ್ತದೆ. ತೆಳುವಾಗಿ ಹರಡಿ, ಮಧ್ಯಮ ಉರಿಯಲ್ಲಿ, ಆರೇಳು ನಿಮಿಷ ಮುಟ್ಟದೆ ಬಿಡಿ. ಮತ್ತೆ ಮತ್ತೆ ಕೆದಕುವುದರಿಂದಲೇ ಹೆಚ್ಚಿನವರ ಹ್ಯಾಶ್ ಬ್ರೌನ್ ಕೆಡುತ್ತದೆ. ಇಷ್ಟೆಲ್ಲ ಮಾಡಿದರೂ ಡೈನರಿನ ಸಮಕ್ಕೆ ಬರುವುದು ಕಷ್ಟ, ಹೊರಗೆ ಹೋದಾಗ ತಿನ್ನಬೇಕಾದ ತಿನಿಸು ಇದು ಎಂದೇ ನಾನು ಹೇಳುತ್ತೇನೆ.

ವಾಫಲ್ ಹೌಸ್ 1955ರಲ್ಲಿ ಜಾರ್ಜಿಯಾ ರಾಜ್ಯದ ಅವೊಂಡೇಲ್ ಎಸ್ಟೇಟ್ಸ್‌ನಲ್ಲಿ ಆರಂಭವಾಯಿತು. ಹಗಲೂ ರಾತ್ರಿಯೂ ತೆರೆದಿರುವುದೇ ಅದರ ಹೆಸರುವಾಸಿ. ಚಂಡಮಾರುತ ಬೀಸಿದ ಊರಿನಲ್ಲಿ ಅದು ತೆರೆದಿದೆಯೇ, ಮೆನು ಪೂರ್ತಿ ಇದೆಯೇ ಎಂಬುದನ್ನು ನೋಡಿ ಹಾನಿಯ ಅಂದಾಜು ಮಾಡುವ ರೂಢಿಯನ್ನು ಅಲ್ಲಿನ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕ್ರೇಗ್ ಫ್ಯೂಗೇಟ್ ಬಳಕೆಗೆ ತಂದರು. ಆ ಹೆಸರುಗಳ ಪೈಕಿ ‘ಸ್ಕ್ಯಾಟರ್ಡ್’ ಎಂದರೆ ತುರಿಯನ್ನು ಕಾವಲಿಯ ಮೇಲೆ ಅಗಲವಾಗಿ ಹರಡಿ ಹೆಚ್ಚು ಗರಿಯಾಗಿಸುವುದು, ‘ಸ್ಮದರ್ಡ್’ ಎಂದರೆ ಈರುಳ್ಳಿ, ‘ಕವರ್ಡ್’ ಎಂದರೆ ಚೀಸ್, ‘ಡೈಸ್ಡ್’ ಎಂದರೆ ಟೊಮ್ಯಾಟೊ, ‘ಪೆಪ್ಪರ್ಡ್’ ಎಂದರೆ ಹಲಪೇನ್ಯೋ ಮೆಣಸಿನಕಾಯಿ, ‘ಕ್ಯಾಪ್ಡ್’ ಎಂದರೆ ಅಣಬೆ. ‘ಚಂಕ್ಡ್’ ಎಂದರೆ ಹಂದಿಮಾಂಸದ ತುಂಡುಗಳು, ಬೇಡದವರು ಅದನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಆದರೆ ಮೊಮ್ಮಕ್ಕಳೊಂದಿಗೆ ಡೈನರಿಗೆ ಹೋಗುವುದೆಂದರೆ ಅವರಿಗೆ ಬಲು ಖುಷಿ. ತಡೆಯಬೇಕೇ?

ಉತ್ತರ: ತಡೆಯಬೇಡಿ, ಆಯ್ಕೆಯಲ್ಲಿ ನೆರವಾಗಿ. ಡೈನರಿನ ತಟ್ಟೆ ಒಬ್ಬರ ಪ್ರಮಾಣಕ್ಕಿಂತ ದೊಡ್ಡದು, ಇಬ್ಬರು ಹಂಚಿಕೊಳ್ಳುವುದೂ ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬರುವುದೂ ಅಲ್ಲಿ ತೀರ ಸಹಜ. ಎರಡು ಮೊಟ್ಟೆ, ತರಕಾರಿ ಹಾಕಿದ ಆಮ್ಲೆಟ್ ಅಥವಾ ಕಾಟೇಜ್ ಚೀಸ್ ಅವರ ಮುಖ್ಯ ತಿಂಡಿಯಾಗಿರಲಿ, ಮೊಮ್ಮಕ್ಕಳ ಪ್ಯಾನ್‌ಕೇಕಿನಿಂದ ಒಂದೆರಡು ತುತ್ತು ರುಚಿ ನೋಡಲಿ. ಒಂದು ದೊಡ್ಡ ಚಮಚ ಮೇಪಲ್ ಸಿರಪ್ಪಿನಲ್ಲಿ 12 ಗ್ರಾಂನಷ್ಟು ಸಕ್ಕರೆ ಇರುತ್ತದೆ, ಮೇಜಿನ ಮೇಲಿನ ಹೂಜಿಯಿಂದ ಸುರಿದುಕೊಳ್ಳುವಾಗ ನಾಲ್ಕು ಚಮಚ ಹೋದದ್ದೇ ತಿಳಿಯುವುದಿಲ್ಲ. ಕಿತ್ತಳೆ ರಸದ ಬದಲು ಇಡೀ ಹಣ್ಣು ಒಳ್ಳೆಯದು. ಅವರು ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಭಾನುವಾರ ಮೇಜಿಗಾಗಿ ಕಾಯಬೇಕಾದ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಜೆಕ್ಷನ್ ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಅವರ ವೈದ್ಯರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಬಿಲ್ಲಿನ ಮೇಲೆ ಟಿಪ್ಸ್ ಕೊಡಲೇಬೇಕೇ? ಎಷ್ಟು?

ಉತ್ತರ: ಕೊಡಲೇಬೇಕು. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಒಕ್ಕೂಟದ ಕಾನೂನಿನಂತೆ ಗಂಟೆಗೆ 2.13 ಡಾಲರ್ ಮಾತ್ರ. 1991ರಿಂದ ಅದು ಏರಿಲ್ಲ. ಉಳಿದದ್ದು ಟಿಪ್ಸಿನಿಂದ ತುಂಬಬೇಕೆನ್ನುವುದು ಅಲ್ಲಿನ ಲೆಕ್ಕಾಚಾರ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಗೊತ್ತುಪಡಿಸಿವೆ; ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಕೂಲಿಯನ್ನೇ ಕೊಡಬೇಕು. ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇಕಡಾ 15ರಿಂದ 20ರಷ್ಟು ಕೊಡುವುದು ವಾಡಿಕೆ. ಆದರೆ ಬರೀ ಟೋಸ್ಟು, ಕಾಫಿ ತೆಗೆದುಕೊಂಡು ಒಂದು ಗಂಟೆ ಕುಳಿತವರು ಶೇಕಡಾವಾರು ಲೆಕ್ಕ ಹಾಕದೆ ಕೈ ಬಿಚ್ಚಿ ಕೊಡುವುದು ನ್ಯಾಯ. ಅಷ್ಟು ಹೊತ್ತು ನಿಮ್ಮ ಕಪ್ಪು ಬರಿದಾಗದಂತೆ ನೋಡಿಕೊಂಡವರು ಅವರು.

ಪ್ರಶ್ನೆ: ರಜೆಯ ದಿನ ಮನೆಗೆ ಆರೇಳು ಜನ ತಿಂಡಿಗೆ ಬರುತ್ತಾರೆ. ಡೈನರಿನಂಥ ತುಂಬಿದ ತಟ್ಟೆಯನ್ನು ಎಲ್ಲರಿಗೂ ಒಟ್ಟಿಗೆ, ಬಿಸಿಬಿಸಿಯಾಗಿ ಬಡಿಸುವುದು ಹೇಗೆ? ನಾನು ಒಲೆಯ ಮುಂದೆಯೇ ನಿಂತು, ಅವರೆಲ್ಲ ತಿಂದು ಮುಗಿಸಿದ ಮೇಲೆ ತಣ್ಣಗಿನದನ್ನು ತಿನ್ನುವಂತಾಗುತ್ತದೆ.

ಉತ್ತರ: ಮನೆಯಲ್ಲಿ ಡೈನರಿನ ಮೆನುವನ್ನೇ ನಕಲು ಮಾಡಲು ಹೊರಡುವುದರಿಂದ ಈ ಪಾಡು ಬರುತ್ತದೆ. ಅವರಿಗೆ ದೊಡ್ಡ ಕಾವಲಿ ಇದೆ, ನಿಮಗೆ ಇರುವುದು ಬಿಡುವು ಮತ್ತು ಓವನ್. ಆರ್ಡರಿನ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಮೊಟ್ಟೆ ಮಾಡುವುದನ್ನು ಬಿಟ್ಟುಬಿಡಿ. ಹೆಚ್ಚು ಹೊತ್ತು ಹಿಡಿಯುವ, ಹಿಂದಿನ ದಿನವೇ ಸಿದ್ಧಪಡಿಸಬಹುದಾದ, ಒಟ್ಟಿಗೆ ಬೇಯುವ ತಿನಿಸುಗಳನ್ನು ಆರಿಸಿಕೊಳ್ಳಿ.

ಹಿಂದಿನ ಸಂಜೆ ಆಲೂಗಡ್ಡೆಯನ್ನು ಇಡಿಯಾಗಿ ಬೇಯಿಸಿ ಫ್ರಿಜ್ಜಿನಲ್ಲಿಡಿ; ತಣ್ಣಗಾದ ಆಲೂಗಡ್ಡೆಯ ಪಿಷ್ಟ ಗಟ್ಟಿಯಾಗುವುದರಿಂದ ಬೆಳಿಗ್ಗೆ ಹೋಳು ಮಾಡಿ ಈರುಳ್ಳಿ, ದೊಣ್ಣೆಮೆಣಸಿನಕಾಯಿಯೊಡನೆ ಹುರಿದಾಗ ಪುಡಿಯಾಗದೆ ಅಂಚು ಗರಿಯಾಗುತ್ತದೆ. ಅದೇ ಸಂಜೆ, ಎರಡು ದಿನ ಹಳೆಯದಾದ ಬ್ರೆಡ್ಡಿನ ದಪ್ಪ ಚೂರುಗಳನ್ನು ಹಾಲು, ಮೊಟ್ಟೆ, ಸಕ್ಕರೆ, ದಾಲ್ಚಿನ್ನಿಯ ಮಿಶ್ರಣದಲ್ಲಿ ತಟ್ಟೆಗೆ ಜೋಡಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಓವನ್ನಿನಲ್ಲಿ ಒಂದೇ ಸಲಕ್ಕೆ ಎಲ್ಲರಿಗೂ ಫ್ರೆಂಚ್ ಟೋಸ್ಟ್ ಸಿದ್ಧ. ಡೈನರಿನಲ್ಲಿ ಚೂರನ್ನು ಅದ್ದಿ ಕೂಡಲೇ ಕಾವಲಿಗೆ ಹಾಕುವುದರಿಂದ ನಡುವಿನವರೆಗೂ ಹಾಲು ಇಳಿದಿರುವುದಿಲ್ಲ, ಆ ವಿಷಯದಲ್ಲಿ ಮನೆಯದು ನಿಜಕ್ಕೂ ಮೇಲು. ಗ್ರಿಟ್ಸ್ ಕೂಡ ಹಾಗೆಯೇ. ಬೀಸುಕಲ್ಲಿನ ನುಚ್ಚನ್ನು ಒಂದಕ್ಕೆ ನಾಲ್ಕರಷ್ಟು ನೀರಿನಲ್ಲಿ, ಸಣ್ಣ ಉರಿಯಲ್ಲಿ, ಮುಕ್ಕಾಲು ಗಂಟೆ ಆಗಾಗ ಕೈಯಾಡಿಸುತ್ತ ಬೇಯಿಸುವ ವ್ಯವಧಾನ ಮನೆಯಲ್ಲಿಯೇ ಸಾಧ್ಯ. ಮಾಂಸ ತಿನ್ನುವ ಮನೆಯಾದರೆ ಬೇಕನನ್ನು ಬಾಣಲೆಯಲ್ಲಿ ಎರಡೆರಡಾಗಿ ಹುರಿಯುತ್ತ ನಿಲ್ಲದೆ, ಅಂಚಿರುವ ತಗಡಿನ ತಟ್ಟೆಯಲ್ಲಿ ಹರಡಿ 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 15ರಿಂದ 20 ನಿಮಿಷ ಇಡಿ.

ಓವನ್ನಿನ ಕೆಲಸ ಮುಗಿದ ಮೇಲೆ ಅದರ ಬಿಸಿಯನ್ನು 95 ಡಿಗ್ರಿಗೆ ಇಳಿಸಿ, ಬೆಂದದ್ದನ್ನೆಲ್ಲ ಅದರೊಳಗೇ ಇಟ್ಟು, ಊಟದ ತಟ್ಟೆಗಳನ್ನೂ ಜೊತೆಗಿಡಿ. ತಣ್ಣನೆಯ ತಟ್ಟೆಗೆ ಬಿದ್ದ ಮೊಟ್ಟೆ ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಪ್ಯಾನ್‌ಕೇಕ್ ಇಡುವುದಾದರೆ ಒಂದರ ಮೇಲೊಂದು ಪೇರಿಸಬೇಡಿ, ಹಬೆಗೆ ಮೆತ್ತಗಾಗುತ್ತವೆ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ. ಎಲ್ಲರೂ ಮೇಜಿಗೆ ಬಂದು ಕುಳಿತ ಮೇಲೆಯೇ ಮೊಟ್ಟೆಯ ಬಾಣಲೆಯನ್ನು ಒಲೆಗೆ ಏರಿಸಿ. ಒಂದು ಡಜನ್ ಮೊಟ್ಟೆಯ ಸ್ಕ್ರ್ಯಾಂಬಲ್ಡ್ ಸಣ್ಣ ಉರಿಯಲ್ಲಿ ಹತ್ತು ನಿಮಿಷದೊಳಗೆ ಆಗುತ್ತದೆ, ಅಷ್ಟರಲ್ಲಿ ಇನ್ನೊಬ್ಬರು ಕಾಫಿ ಬಗ್ಗಿಸಲಿ. ಆಗ ನೀವೂ ಅವರ ಜೊತೆಯಲ್ಲಿಯೇ ಕೂರಬಹುದು.

ಪ್ರಶ್ನೆ: ಡೈನರಿನ ಕಾಫಿ ಒಮ್ಮೆ ಹಿತವಾಗಿರುತ್ತದೆ, ಇನ್ನೊಮ್ಮೆ ಬಾಯಿಗಿಡಲಾಗದಷ್ಟು ಕಹಿ. ಕಿತ್ತಳೆ ಬಣ್ಣದ ಹಿಡಿಯ ಹೂಜಿ ಏತಕ್ಕೆ?

ಉತ್ತರ: ಯಂತ್ರದಲ್ಲಿ ಸೋಸಿ ಇಳಿಸಿದ ಕಾಫಿಯನ್ನು ಗಾಜಿನ ಹೂಜಿಯಲ್ಲಿ ಬಿಸಿ ತಟ್ಟೆಯ ಮೇಲೆಯೇ ಇಟ್ಟಿರುತ್ತಾರೆ, ಅರ್ಧ ಗಂಟೆ ದಾಟಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಬೆಳಗಿನ ಜನಸಂದಣಿಯಲ್ಲಿ ಹೂಜಿ ಬೇಗ ಬೇಗ ಖಾಲಿಯಾಗುವುದರಿಂದ ಆಗ ಸಿಗುವ ಕಾಫಿ ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲಿನದು ಹಳತಾಗಿರುವ ಸಂಭವ ಹೆಚ್ಚು. ಹೊಸದಾಗಿ ಇಳಿಸಿ ಕೊಡುವಂತೆ ಕೇಳುವುದರಲ್ಲಿ ತಪ್ಪೇನೂ ಇಲ್ಲ, ಕಾಯಬೇಕಾದದ್ದು ಕೆಲವೇ ನಿಮಿಷ. ಕಿತ್ತಳೆ ಹಿಡಿಯ ಹೂಜಿಯಲ್ಲಿರುವುದು ಕೆಫೀನ್ ತೆಗೆದ ಕಾಫಿ. ಸ್ಯಾಂಕಾ ಎಂಬ ಬ್ರ್ಯಾಂಡಿನ ಕಿತ್ತಳೆ ಬಣ್ಣದಿಂದ ಬಂದ ಗುರುತು ಅದು. ರಾತ್ರಿ ನಿದ್ದೆ ಕೆಡಬಾರದೆನ್ನುವವರು ಆ ಹೂಜಿಯನ್ನೇ ತೋರಿಸಿ ಕೇಳಬಹುದು.